ನಡುವಿನ ಕರಿ ಕೀ

ಬೊತೊಶಾನಿ
ನವೆಂಬರ್ ೧೪, ಬೆಳಗಿನ ಜಾವ

ಪ್ರೀತಿಯ ಇಲಿಂಕಾ,

ನಿನ್ನೆ ಸಂಜೆ ಬಸ್ ಚಾಲಕ ತೊದೆರ್ ನಿನ್ನ ಕಾಗದ ತಂದುಕೊಟ್ಟ. ಓದಿದ ತಕ್ಷಣ ನಿನ್ನ ಹಾಸ್ಟೆಲಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಮೇಲ್ವಿಚಾರಕಿ ಪಾಪ, ಸುಳ್ಳು ಹೇಳಲು ಬಾರದೆ, "ಇಲ್ಲೇ ಮೆಟ್ಟಿಲ ಮೇಲೆ ಕೂತಿದಾಳೆ ಕಣ್ರೀ, ಆದ್ರೆ ಇಲ್ಲ ಅನ್ನಿ ಅಂತಾಳೆ" ಅಂದುಬಿಟ್ಟಳು. ಅದಕ್ಕೇ ಬರೆಯುತ್ತಿದ್ದೇನೆ. ತೊದೆರ್ ಆರಕ್ಕೆ ಬುಕಾರೆಸ್ಟಿಗೆ ಹೊರಡುತ್ತಾನೆ. ಇದು ಮಧ್ಯಾಹ್ನದ ಹೊತ್ತಿಗೆ ನಿನ್ನ ಕೈಸೇರಬೇಕು. ನಿನ್ನ ಸರದಿ ಸಂಜೆ ಏಳಕ್ಕೆ.

ಪಿಯಾನೋ ಸ್ಪರ್ಧೆಯ ಅಂತಿಮ ಸುತ್ತಿನಿಂದ ಹೆಸರು ಹಿಂದಕ್ಕೆ ತೆಗೆಯುತ್ತೇನೆ ಅಂತ ಬರೆದಿದ್ದೀಯ. ಇವತ್ತು ನುಡಿಸದಿದ್ದರೆ ಸಂಗೀತ ಅಕಾಡೆಮಿಯ ಸೀಟು ಕೈತಪ್ಪುತ್ತದೆ. ಆಮೇಲೆ ನನ್ನ ಹಾಗೆ ಇದೇ ಊರಲ್ಲಿ, ಆಕಳಿಸುವ ಮಕ್ಕಳಿಗೆ ಸ್ವರಾಭ್ಯಾಸ ಹೇಳಿಕೊಡುತ್ತಾ ಮುದುಕಿಯಾಗು. ನನಗೆ ಸಿಟ್ಟು ಬಂದಿದೆ ಇಲಿಂಕಾ. ಅದಕ್ಕಿಂತ ಹೆಚ್ಚು ಹೆದರಿಕೆಯಾಗಿದೆ.

ನಿನ್ನ ಸಂಕಟ ನನಗೆ ಅರ್ಥವಾಗದ್ದೇನಲ್ಲ. ಹಿಂದಿನ ಸುತ್ತಿನಲ್ಲಿ, ನಿಧಾನದ ಭಾಗದಲ್ಲಿ ನೀನು ಒತ್ತಿ ನುಡಿಸಿದ ಆ ಒಂದು ಸ್ವರ ಕೇಳಿ ತೀರ್ಪುಗಾರರಾದ ಶ್ರೀಮತಿ ವಿಂತಿಲೆಸ್ಕು, "ಉಳಿದವರಿಗೆ ಬೆರಳಿದೆ, ಈ ಹುಡುಗೀಗೆ ಎದೆಯಿದೆ" ಅಂದರಂತೆ. ನಿನ್ನ ಮೇಷ್ಟ್ರು ಮಾತ್ರ ಹೊರಗೆ ಕರೆದು, "ಎದೆ ಗಿದೆ ಏನಿಲ್ಲ ಕಣಮ್ಮ, ನಿಮ್ಮನೆ ಹಳೇ ಪಿಯಾನೋ ಕಲಿಸಿದ ಕೆಟ್ಟ ಚಾಳಿ ಅದು. ಇಂಥ ಒಳ್ಳೆ ವಾದ್ಯದ ಮೇಲೆ ಮುಳ್ಳಿನ ಥರ ಚುಚ್ಚುತ್ತೆ" ಅಂದರಂತೆ.

ಅವರು ಹೇಳಿದ್ದು ಸುಳ್ಳಲ್ಲ. ಅಜ್ಜಿಯ ಪಿಯಾನೋದಲ್ಲಿ ನಡುವಿನ ಆ ಕರಿ ಕೀ ತೇವಕ್ಕೆ ಉಬ್ಬಿ, ಮೆಲ್ಲಗೆ ಒತ್ತಿದರೆ ಒಳಗಿನ ಸುತ್ತಿಗೆ ತಂತಿಯ ತನಕ ಹೋಗುತ್ತಲೇ ಇರಲಿಲ್ಲ. ನಾನೇ ಪಕ್ಕದಲ್ಲಿ ನಿಂತು "ಕೇಳಿಸ್ತಿಲ್ಲ, ಇನ್ನೂ ಒತ್ತೇ" ಅಂತ ನಿನ್ನ ಜೀವ ತಿನ್ನುತ್ತಿದ್ದೆ. "ಉಬ್ಬಿದ ಮರಕ್ಕೆ ಸಿಕ್ಕ ಹೊಗಳಿಕೆಯನ್ನು ನನ್ನದೆಂದು ಹೇಗೆ ಒಪ್ಪಿಕೊಳ್ಳಲಿ, ಒತ್ತಿದರೆ ಮೋಸ, ಒತ್ತದಿದ್ದರೆ ಸಪ್ಪೆ" ಅಂತ ಕೇಳಿದ್ದೀಯ.

ಮೊದಲು ವೇದಿಕೆಗೆ ಹೋಗಿ ಕೂತುಕೋ. ಮಣಿಕಟ್ಟು ಸಡಿಲ ಬಿಡು. ಪೆಡಲ್ ಮೇಲೆ ಕಾಲಿಟ್ಟು ನಿದ್ದೆ ಹೋಗಬೇಡ. ಆ ದೊಡ್ಡ ಪಿಯಾನೋಗೂ ಹೆದರಬೇಡ. ನಮ್ಮದು ನಿನ್ನ ತಪ್ಪುಗಳನ್ನು ಮುಚ್ಚಿಡುತ್ತಿತ್ತು, ಅದು ಮುಚ್ಚಿಡುವುದಿಲ್ಲ, ಅಷ್ಟೇ ವ್ಯತ್ಯಾಸ. ಕಾಗದದ ಜೊತೆ ಕಳಿಸಿದ ಡಬ್ಬಿಯಲ್ಲಿ ಚೀಸ್ ತುಂಬಿದ ಪ್ಲಾಚಿಂತಾ ರೊಟ್ಟಿ ಇದೆ. ತಿಂದು, ಕೈಯ ಜಿಡ್ಡು ಚೆನ್ನಾಗಿ ತೊಳೆದುಕೋ.

ಕಿವಿಯೆಲ್ಲ ರೇಡಿಯೋ ಕಡೆಗಿಟ್ಟಿರುವ
ನಿನ್ನ ಅಮ್ಮ,
ಸ್ಮರಾಂದಾ

ತಾ.ಕ.: ತೊದೆರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಹೇಳದೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಆ ಕೀ ಕೆಟ್ಟಿಲ್ಲ ಕಣೇ. ನೀನು ಒಂಬತ್ತು ವರ್ಷದವಳಿದ್ದಾಗ, ಬೇಸಿಗೆ ಶಿಬಿರಕ್ಕೆ ಹೋಗಿದ್ದೆಯಲ್ಲ, ಆಗಲೇ ಸರಿಮಾಡಿಸಿದೆ. ವಾಪಸ್ಸು ಬಂದವಳು ಪಾಠಗಳಲ್ಲಿ ಅದನ್ನು ಮೆತ್ತಗೇ ಮುಟ್ಟಿದೆ, ಸ್ವರ ಬಂತು, ಸರಿಯಾಗಿದೆ ಅಂತ ನಿನಗೆ ಗೊತ್ತೇ ಆಗಲಿಲ್ಲ. ಹಾಡೇ ಬೇಡಿದ ಕಡೆ ಮಾತ್ರ ಒತ್ತಿದೆ. ತಿದ್ದಲು ಬಂದವಳು ಕೂತು ಪೂರ್ತಿ ಕೇಳಿದೆ. ಹೇಳಿದರೆ ನಿನ್ನ ಕೈ ಅಳುಕೀತು ಅಂತ ಇಷ್ಟು ವರ್ಷ ಸುಮ್ಮನಿದ್ದೆ. ನೀನು ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನಾನೂ ಹಾಗೇ ಒತ್ತಿ ನೋಡುತ್ತಿದ್ದೆ. ನನ್ನ ಕೈಯಲ್ಲಿ ಅದು ಬರೀ ಸದ್ದು.