ನನ್ನ ಹಣೆಗೇ ಹಾರುವ ಖಾಲಿ ತೋಟಾಗಳ ವಿಚಾರ

ಪಿಸ್ತೂಲು ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರಿಗೆ,

ಮಾನ್ಯರೇ, ತಾವು ಮಾರಿದ ಹೊಸ ಪುಟ್ಟ ಪಿಸ್ತೂಲು ಗುಂಡನ್ನು ಎದುರಿಗೆ ಹಾರಿಸಿ, ಖಾಲಿ ತೋಟಾವನ್ನು ನನ್ನ ಹಣೆಗೆ ಬಡಿಯುತ್ತದೆ. ಹಾಗೆ ಬಡಿಯದಿದ್ದರೆ ತೋಟಾ ಹೊರಬೀಳುವ ಕಿಂಡಿಯಲ್ಲೇ ನೆಟ್ಟಗೆ ಸಿಕ್ಕಿಕೊಂಡು ಮುಂದಿನ ಗುಂಡಿಗೆ ದಾರಿ ಬಿಡುವುದಿಲ್ಲ. ಇದನ್ನು ವಿನಯದಿಂದ ತಿಳಿಸಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ ಸಾಲು: ‘ದಯವಿಟ್ಟು ತಮ್ಮ ಹಿಡಿತ ಬಿಗಿಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ.’ ಗುಟ್ಟಾಗಿ ಬರೆದರೆ ಈ ಮರ್ಯಾದೆ ಸಿಗುವುದಾದರೆ ನಮ್ಮ ಕೌಂಟಿಯ ವಾರಪತ್ರಿಕೆಯಲ್ಲೇ ಬರೆಯುತ್ತೇನೆ. ಕೆಂಟಕಿಯ ಈ ಮೂಲೆಯವರೆಲ್ಲ ಓದಲಿ.

ಹಿಡಿತವೇ? ಜೀವಮಾನವೆಲ್ಲ ಪೈಪುಗಳಿಗೆ ಬೆಸುಗೆ ಹಾಕಿದ ಕೈ ಸ್ವಾಮಿ ಇದು! ತಮ್ಮ ಕೈಪಿಡಿ ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಒರೆಸಿದೆ, ಎಣ್ಣೆ ಬಿಟ್ಟೆ. ಹೊಸದು, ಪಳಗಲಿ ಎಂದು ಪೆಟ್ಟಿಗೆಗಟ್ಟಲೆ ಗುಂಡು ಹೊಡೆದೆ. ಹೆಚ್ಚು ಮದ್ದಿನ ತೋಟಾ ತಂದು ನೋಡಿದೆ. ತೋಟಾವನ್ನು ಹಿಡಿದೆಳೆಯುವ ಕೊಕ್ಕೆಯ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಆ ಬ್ರಷ್ಷು ನನ್ನ ಹೆಂಡತಿ ಗ್ಲೆಂಡಾಳದ್ದೆಂದು ಆಮೇಲೆ ಗೊತ್ತಾಯಿತು, ಅದು ಬೇರೆ ಕಥೆ.

ಈಗ ರಸ್ಟಿ ಕೋಂಬ್ಸ್‌ನ ವಿಷಯ. ನಮ್ಮ ಗುಂಡು ಹೊಡೆಯುವವರ ಕ್ಲಬ್ಬಿನವನು, ನನಗಿಂತ ಹತ್ತು ವರ್ಷ ಚಿಕ್ಕವನು, ಹೆಂಡತಿ ಬಿಟ್ಟುಹೋದ ಮೇಲೆ ಭಾನುವಾರದ ಊಟಕ್ಕೆ ನಮ್ಮ ಮನೆಗೇ ಬರುವವನು. ಅವನದೂ ಇದೇ ಮಾದರಿ, ಇದೇ ಅಂಗಡಿಯದು. ಬಲಗಡೆ ನೆಲದ ಮೇಲೆ ಟೋಪಿಯನ್ನು ಅಂಗಾತ ಇಟ್ಟು ಹೊಡೆಯುತ್ತಾನೆ. ಅವನ ಖಾಲಿ ತೋಟಾಗಳು ಗೂಡಿಗೆ ಮರಳುವ ಕೋಳಿಗಳಂತೆ ಟೋಪಿಯೊಳಗೇ ಬೀಳುತ್ತವೆ. ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಡುವುದೇನಿದೆ?

ಮುಂದಿನ ತಿಂಗಳು ನಮ್ಮಲ್ಲಿ ಹಂದಿತೊಡೆಯ ಪಂದ್ಯ. ಜೋಡಿಗೆ ಒಂದೇ ಪಿಸ್ತೂಲು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಗೆದ್ದವರಿಗೆ ಉಪ್ಪು ಸವರಿ ಹೊಗೆಯಲ್ಲಿ ತೂಗುಬಿಟ್ಟ ಇಡೀ ತೊಡೆ. ಮದುವೆಯಾದಂದಿನಿಂದ ನಾನೂ ಗ್ಲೆಂಡಾಳೂ ಜೋಡಿ. ಮೊನ್ನೆ ಅಭ್ಯಾಸಕ್ಕೆ ನಿಂತಾಗ ನನ್ನ ಎರಡನೆಯ ತೋಟಾವೇ ಸಿಕ್ಕಿಕೊಂಡಿತು.

“ಏನ್ ಎಲ್ಡನಣ್ಣಾ, ತೋಟಾಗೆ ನಿನ್ನ ಬಿಟ್ಟು ಹೋಗಕ್ಕೆ ಮನಸ್ಸೇ ಇಲ್ವಾ?” ಎಂದ ರಸ್ಟಿ. ಎಲ್ಲರೂ ನಕ್ಕರು.

“ಪಿಸ್ತೂಲೇ ಸರಿ ಇಲ್ಲ ಕಣೋ,” ಎಂದೆ.

“ಕೊಡು ಇಲ್ಲಿ,” ಎಂದು ಗ್ಲೆಂಡಾ ಕೈಚಾಚಿದಳು. ಸಿಕ್ಕಿಕೊಂಡಿದ್ದನ್ನು ಬಿಡಿಸಿ ಉಳಿದ ಗುಂಡುಗಳನ್ನೆಲ್ಲ ಪಟಪಟನೆ ಹೊಡೆದಳು. ಒಂದೂ ನಿಲ್ಲಲಿಲ್ಲ. ಮಾನ್ಯರೇ, ನನ್ನ ಪಿಸ್ತೂಲಿನಿಂದ, ನನ್ನ ಹೆಂಡತಿಯ ಕೈಯಿಂದ ಹಾರಿದ ಖಾಲಿ ತೋಟಾಗಳು ಹೋಗಿ ಬಿದ್ದದ್ದು ಅಲ್ಲೇ ಬಲಗಡೆ ಬಿಟ್ಟಿದ್ದ ರಸ್ಟಿಯ ಟೋಪಿಯೊಳಗೆ! ಇದಕ್ಕೆ ತಮ್ಮ ಕೈಪಿಡಿಯಲ್ಲಿ ಪರಿಹಾರವಿದೆಯೇ?

ಮನೆಗೆ ಬರುವಾಗ ಅವಳು ಮೆಲ್ಲಗೆ ಹೇಳಿದಳು: “ನಿನ್ನ ಮಣಿಕಟ್ಟು ಸೋಲ್ತಿದೆ ಎಲ್ಡನ್. ಗುಂಡು ಹಾರಿದಾಗ ಕೈ ಹಿಂದಕ್ಕೆ ಬಾಗಿದ್ರೆ ಪಿಸ್ತೂಲಿಗೆ ತೋಟಾ ಎಸೆಯೋ ಬಲ ಸಿಗಲ್ಲ, ಪಾಪ ಅದಾದ್ರೂ ಏನ್ ಮಾಡುತ್ತೆ? ಡಾಕ್ಟರ್‌ಗೆ ತೋರಿಸೋಣ.”

“ನನ್ನ ಕೈಗೆ ಏನೂ ಆಗಿಲ್ಲ!”

“ಹಾಗಾದ್ರೆ ಪಿಸ್ತೂಲಿಂದೇ ತಪ್ಪು ಅಂತ ಆ ಕಂಪನಿಯೋರ ಹತ್ರ ಬರೆಸ್ಕೊಂಡ್ ಬಾ. ಇಲ್ಲಾಂದ್ರೆ ಈ ಸಲ ನಾನು ರಸ್ಟಿ ಜೊತೆ ಹೊಡೀತೀನಿ.”

ಮರುದಿನ ಬೆಳಗ್ಗೆ ಕಾಫಿಯ ಲೋಟ ನನ್ನ ಕೈಯಿಂದ ಜಾರಿ ಒಡೆಯಿತು. ಅದು ಲೋಟದ ದೋಷ. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಈಗ ಅವಳೇ ತೆಗೆಯುತ್ತಾಳೆ, ಅದು ಬಾಟಲಿಯವರ ದೋಷ. ಅವರಿಗೂ ಪತ್ರ ಬರೆಯುವವನಿದ್ದೇನೆ.

ಆದ್ದರಿಂದ ಒತ್ತಾಯಿಸುತ್ತೇನೆ. ಪಿಸ್ತೂಲನ್ನು ತಮ್ಮ ಕಾರ್ಖಾನೆಗೆ ಕಳಿಸಿದ್ದೇನೆ. ಬಿಚ್ಚಿ ನೋಡಿ, ಕೊಕ್ಕೆ ಬದಲಿಸಿ, ಸ್ಪ್ರಿಂಗು ಬದಲಿಸಿ. ದೋಷ ಸಿಕ್ಕರೆ ಬರೆದು ತಿಳಿಸಿ. ಸಿಗದಿದ್ದರೂ ಸಿಕ್ಕಿತೆಂದೇ ಬರೆಯಿರಿ, ದೊಡ್ಡ ಮುದ್ರೆಯೊತ್ತಿ ಬರೆಯಿರಿ. ಗ್ಲೆಂಡಾ ಇದನ್ನು ಓದಿ ನಗುತ್ತಾಳೆ, ಬಲ್ಲೆ. ನಗಲಿ. ನನ್ನ ಪಕ್ಕದಲ್ಲಿ ನಿಂತು ನಗಲಿ.

ಇಂತಿ,
ಒಂದು ಕಾಲದ ಬೆಸುಗೆಗಾರ, ಈಗಲೂ ಗ್ಲೆಂಡಾಳ ಗಂಡ,
ಎಲ್ಡನ್ ಪ್ರಾಥರ್