ತಟ್ಟೆಯಲ್ಲ, ಲೋಟ

ಅಮ್ಮಾ,

ಇಂದು ನಮ್ಮ ಹೌಸಿಂಗ್ ಸೊಸೈಟಿಯ ಧ್ವಜಾರೋಹಣದಲ್ಲಿ ನಿನ್ನನ್ನು ಕೊಂಡಾಡಿದರು. ನೀನು ತೀರಿಹೋಗಿ ವರ್ಷವಾಗಿಲ್ಲ, ಆಗಲೇ ನಿನ್ನ ಮೇಲೊಂದು ನಾಟಕ! ಆ ಮಹಾಮಳೆಗೆ ದಿವಾ ಸ್ಟೇಷನ್ ಹತ್ತಿರ ಲೋಕಲ್ ರೈಲು ನಿಂತಾಗ, ನಮ್ಮ ಡೊಂಬಿವಲಿಯವರೆಗೆ ಹಳಿಯ ಮೇಲೆ ನಡೆದು ಬಂದವರಿಗೆ ನೀನು ಗಂಜಿ ಕೊಟ್ಟೆಯಲ್ಲ, ಅದೇ ಕಥೆ. "ಅಂದು ನಮ್ಮ ಸೊಸೈಟಿ ಗೇಟು ತೆರೆದು ದೇಶಕ್ಕೇ ಮಾದರಿಯಾಯಿತು" ಎಂದು ಸೆಕ್ರೆಟರಿ ಲತೀಶ್ ಮೈಕಿನಲ್ಲಿ ಹಿಂದಿಯಲ್ಲಿ ಗುಡುಗಿದ. ಯಾವ ಬಾಯಲ್ಲಿ ಅಂದನೋ! "ಬೇಡ ಮಾರಾಯ್ರೆ, ಪಾರ್ಕಿಂಗ್ ಎಲ್ಲ ಗಲೀಜಾಗ್ತದೆ" ಎಂದು ಆ ದಿನ ಗೇಟಿಗೆ ಬೀಗ ಜಡಿಸಿ, ಕೀಲಿಯನ್ನು ಜೇಬಿಗಿಳಿಸಿದವನು ಇವನೇ ಅಲ್ಲವೇ?

ನಾಟಕದಲ್ಲಿ ರಟ್ಟಿನ ಗೇಟು ಹಾರುಹೊಡೆದಿತ್ತು. ನಿನ್ನ ವೇಷದ ಹುಡುಗಿ ಹೊರಗೆ ಹೋಗಿ ಎಲ್ಲರಿಗೂ ತಟ್ಟೆ ಹಂಚಿದಳು. ತಟ್ಟೆ! ನಮ್ಮ ಗೇಟಿನ ಸರಳುಗಳ ನಡುವೆ ತಟ್ಟೆ ತೂರುತ್ತಿತ್ತೇ? ಅದಕ್ಕೇ ಅಲ್ಲವೇ ನೀನು ಮನೆಯ ಸ್ಟೀಲ್ ಲೋಟಗಳನ್ನೆಲ್ಲ ಹೊತ್ತು ತಂದದ್ದು? ತುಂಬಿದ ಲೋಟ ಹೊರಗೆ, ಖಾಲಿ ಲೋಟ ಒಳಗೆ. ನಿನ್ನ ಸೀರೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು.

ಕೊನೆಗೆ ಲತೀಶ್ ನನಗೊಂದು ಶಾಲು ಹೊದಿಸಿದ. "ಮಾನಸಿ, ದೋ ಶಬ್ದ್ ಬೋಲ್ ಮಾರಾಯ್ತಿ, ಎಲ್ಲ ಇಮೋಷನಲ್ ಆಗಿದ್ದಾರೆ" ಎಂದು ಮೈಕ್ ಕೈಗಿತ್ತ. ನನ್ನ ಮೈಯೆಲ್ಲ ಉರಿಯುತ್ತಿತ್ತು. "ಅಮ್ಮ ಕೊಟ್ಟದ್ದು ತಟ್ಟೆಯಲ್ಲಲ್ಲ, ಲೋಟದಲ್ಲಿ" ಅಂದೆ. ಎಲ್ಲರೂ ಮೆಚ್ಚಿ ನಕ್ಕು ಚಪ್ಪಾಳೆ ತಟ್ಟಿದರು. ಲತೀಶ್ ಮಾತ್ರ ನಗದೆ ನನ್ನನ್ನೇ ನೋಡಿದ.

ಲೋಟವೇ ಯಾಕೆ ಎಂದು ಯಾರೂ ಕೇಳಲಿಲ್ಲ. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು, ಅಮ್ಮಾ. ಜೈಹಿಂದ್ ಅಂದು ಕೆಳಗಿಳಿದೆ.