ಬಿಸಿಲಿನ ದಿನ ಕೊಟ್ಟ ಹಿಮದ ರಜೆ

ಹೆರಾನ್ ಫೋರ್ಕ್ಸ್, ನಾರ್ತ್ ಡಕೋಟ
೧೨ ಫೆಬ್ರವರಿ ೨೦೦೮

ಮುದ್ದಿನ ಇಂಗ್ರಿಡ್,

ಹೇಗಿದ್ದೀಯಾ? ನಿನ್ನ ಎರಡು ಕಾಗದಕ್ಕೂ ಉತ್ತರಿಸದೆ ಕೂತಿದ್ದಕ್ಕೆ ನಾಲ್ಕು ಬೈದುಬಿಡು. ಶಾಲಾ ಮಂಡಳಿಯ ತೀರ್ಮಾನ ತಿಳಿಯುವ ತನಕ ಬರೆಯಲು ಕೈಯೇ ಬರಲಿಲ್ಲ. ಈಗ ಕೇಳು: ನಿನ್ನಮ್ಮ ಗೆದ್ದಳು! ಇನ್ನೂ ಮೂರು ವರ್ಷ ಈ ಊರಿನ ಶಾಲೆಗಳಿಗೆ ನಾನೇ ಸೂಪರಿಂಟೆಂಡೆಂಟ್. ಹಿಂದಿನ ನಾಲ್ಕು ಊರುಗಳಲ್ಲಿ ಎಲ್ಲೂ ಎರಡನೇ ಒಪ್ಪಂದದ ಮುಖ ಕಂಡವಳಲ್ಲ ನಾನು.

ಜನವರಿಯ ಎಡವಟ್ಟು ನಿನಗೆ ಹೇಳಿರಲಿಲ್ಲ. ಒಂದು ದಿನ ಬೆಳಗಿನ ಜಾವ ಎಂದಿನಂತೆ ಕಾರಿನಲ್ಲಿ ರಸ್ತೆಗಳನ್ನು ನೋಡಿಬಂದು, ಶಾಲೆಯ ಬಸ್ಸು ಓಡಿಸುವಂತಿಲ್ಲವೆಂದು ಹಿಮದ ರಜೆ ಘೋಷಿಸಿದೆ. ಒಂಬತ್ತಕ್ಕೆಲ್ಲ ಫಳಫಳ ಬಿಸಿಲು! ರಜೆಯ ದಿನ ಆಟವೂ ಇಲ್ಲವೆಂಬುದು ನಿಯಮ. ಪಕ್ಕದೂರಿನ ಜೊತೆಗಿದ್ದ ಬ್ಯಾಸ್ಕೆಟ್‌ಬಾಲ್ ಪಂದ್ಯ ರದ್ದಾಯಿತು. ಅಂಗಡಿಗೆ ಹೋದರೆ, "ಮೇಡಂ, ಕಪ್ಪು ಕನ್ನಡಕ ಕೊಡ್ಲಾ? ಹಿಮ ಕಣ್ಣಿಗೆ ಹೊಡೀತಿದೆ!" ಎಂದು ಗೇಲಿ. ಮಂಡಳಿಯ ಅಧ್ಯಕ್ಷ ಹಾರ್ಲನ್‌ನ ಮೊಮ್ಮಗ ಆ ತಂಡದವನು. ಅಜ್ಜ ಹಲ್ಲು ಮಸೆಯುತ್ತಿದ್ದ.

ನಿನ್ನೆ ನನ್ನ ಒಪ್ಪಂದದ ಬಗ್ಗೆ ಮಂಡಳಿಯ ಸಭೆ. "ಹದಿನೈದು ವರ್ಷದಲ್ಲಿ ಏಳು ಜನ ಬಂದ್ರು, ಏಳೂ ಜನ ಹೋದ್ರು. ಇವ್ರೂ ಹೇಗೂ ಹೋಗ್ತಾರೆ. ಈಗ್ಲೇ ಕಳಿಸಿಬಿಡೋಣ" ಎಂದ ಹಾರ್ಲನ್. ನನಗೆ ಮೈಯೆಲ್ಲ ಉರಿಯಿತು.

ಊರಿನವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದಲ್ಲ, ಶಾಲೆಯ ಬಸ್ ಓಡಿಸುವ ಆರ್ಡಿಸ್ ಎದ್ದಳು.

"ಹಾರ್ಲನ್, ಬಿಸಿಲಿದ್ದಿದ್ದು ನಿನ್ನ ಅಂಗಳದಲ್ಲಿ. ಹಳ್ಳದ ಸೇತುವೆ ಮೇಲೆ ಮಧ್ಯಾಹ್ನದವರೆಗೂ ಗಾಜಿನಂಥ ಮಂಜುಗಡ್ಡೆ. ಮೂವತ್ತು ವರ್ಷದಲ್ಲಿ ಯಾವ ಸೂಪರಿಂಟೆಂಡೆಂಟೂ ಕಾರಿಳಿದು ಅಲ್ಲಿ ಕಾಲಿಟ್ಟು ನೋಡಿದ್ದಿಲ್ಲ. ಈಯಮ್ಮ ನೋಡಿದ್ರು. ದಬ್ ಅಂತ ಬಿದ್ರು, ನಾನೇ ಎತ್ತಿದೆ! ಆ ದಾರೀಲಿ ದಿನಾ ನನ್ ಬಸ್ಸಲ್ಲಿ ಬರೋನು ನಿನ್ನ ಮೊಮ್ಮಗ. ತಿಳ್ಕೋ."

ಸಭೆ ಬಿದ್ದು ಬಿದ್ದು ನಕ್ಕಿತು. ಮತ ಹಾಕಿದರೆ ನನ್ನ ಪರ ನಾಲ್ಕು, ವಿರುದ್ಧ ಮೂರು. ನನ್ನ ಪರ ಎದ್ದ ನಾಲ್ಕನೆಯ ಕೈ ಹಾರ್ಲನ್‌ನದೇ! ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ, ನಗಬೇಡ.

ಇವತ್ತು ಗ್ಯಾರೇಜಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದೆ. ಮುಂದಿನ ಊರಿಗೆ ಬೇಕಾಗುತ್ತದೆಂದು ಕಟ್ಟಿದಂತೆಯೇ ಇಟ್ಟಿದ್ದೆನಲ್ಲ, ಅವು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಏಳು ಮನೆ ಸುತ್ತಿದ ಹಾಗೆ ನಿನ್ನನ್ನು ಸುತ್ತಿಸಿದೆ. ಇನ್ನು ಸಾಕು. ರಜೆಗೆ ಬಾ, ನಿನ್ನ ಕೋಣೆ ಸಿದ್ಧವಿರುತ್ತದೆ. ಚೆನ್ನಾಗಿರು ಮಗಳೇ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಮಾರ್ಲಿಸ್

ತಾ.ಕ.: ಒಂದು ಪೆಟ್ಟಿಗೆಯಲ್ಲಿ ನಿನ್ನ ನಾಲ್ಕನೇ ತರಗತಿಯ ಹಾಳೆಯೊಂದು ಸಿಕ್ಕಿತು. 'ನಿನ್ನ ಆಪ್ತ ಗೆಳತಿ ಯಾರು?' ಎಂಬಲ್ಲಿ, 'ಯಾರೂ ಇಲ್ಲ. ನಾವು ಹೇಗೂ ಹೋಗ್ತೀವಿ' ಎಂದು ಬರೆದಿದ್ದೀಯಾ. ಕೆಳಗೆ ಪೋಷಕರ ಸಹಿ ಇದೆ. ನನ್ನದೇ. ಓದದೆ ಹಾಕಿದ್ದೆ.